ಧಾರೆ ಸೀರೆಯ ಕೆಳಗಿನ ದವಡೆ

ಪೆಟ್ಟಿಗೆಯ ಮುಚ್ಚಳ ತೆಗೆದ ಪ್ರಾಚ್ಯವಸ್ತು ಇಲಾಖೆಯ ಅಧಿಕಾರಿ ಗೋವಿಂದಯ್ಯನವರು ಒಳಗೆ ಕೈ ಹಾಕಿ ಹುಲ್ಲನ್ನೆಲ್ಲ ಕೆದಕಿದರು. ಹುಲ್ಲಿನ ಕೆಳಗೆ ಹುಲ್ಲೇ ಇತ್ತು.

“ದವಡೆ ಎಲ್ಲಮ್ಮ?”

ಯಶೋದ ಕಿಟಕಿಯಾಚೆ ನೋಡಿದಳು. ಕೊಳ್ಳೇಗಾಲದ ಆ ಪುಟ್ಟ ಪಳೆಯುಳಿಕೆ ಕೊಠಡಿಯ ಮುಂದೆ ಇಲಾಖೆಯ ವ್ಯಾನು ನಿಂತಿತ್ತು. ಅದರ ಹಿಂದೆ ಮುಳ್ಳೂರಿನ ಕಂಟ್ರಾಕ್ಟರ್ ನಿಂಗರಾಜುವಿನ ಜೀಪು. ಇಲಾಖೆಯ ಕೆಲಸಕ್ಕೆ ಕಂಟ್ರಾಕ್ಟರನ ಬೆಂಗಾವಲೇಕೆಂದು ಅವಳು ಕೇಳಲಿಲ್ಲ. ಕೇಳಿ ತಿಳಿಯಬೇಕಾದ್ದೇನೂ ಅದರಲ್ಲಿರಲಿಲ್ಲ.

ಹಿಂದಿನ ವರ್ಷದ ನೆರೆಯಲ್ಲಿ ಮುಳ್ಳೂರಿನ ಬಳಿ ಕಾವೇರಿಯ ದಂಡೆ ಕುಸಿದಾಗ, ಸಾವಿರಾರು ವರ್ಷ ಮಣ್ಣಿನಲ್ಲಿದ್ದು ಕಲ್ಲಾಗಿದ್ದ ಆನೆಯೊಂದರ ಕೆಳದವಡೆ ಹೊರಬಿದ್ದಿತ್ತು. ಬಿದ್ದದ್ದು ಅರ್ಧ, ಉಳಿದರ್ಧ ದಂಡೆಯ ಗೋಡೆಯಲ್ಲೇ ಕಚ್ಚಿಕೊಂಡಿತ್ತು. ಬಿದ್ದದ್ದನ್ನು ಕೊಠಡಿಗೆ ತಂದು, ಉಳಿದದ್ದಕ್ಕೆ ಗೋಣಿ ಹೊದಿಸಿ ಮಣ್ಣು ಮೆತ್ತಿಸಿದವಳು ಕೊಠಡಿಯ ಮೇಲ್ವಿಚಾರಕಿ ಯಶೋದಳೇ. ಅದೇ ದಂಡೆಯ ಗರಸಿಗೆ ನಿಂಗರಾಜು ಗುತ್ತಿಗೆ ಕೇಳಿದ್ದ. ಅದು ಮೂಳೆಯೇ ಅಲ್ಲ, ಬರೀ ಹೊಳೆಗಲ್ಲು, ಅದೂ ಎಲ್ಲಿಂದಲೋ ತಂದದ್ದು ಎಂದು ಕಂಡ ಕಚೇರಿಯಲ್ಲೆಲ್ಲ ಸಾರಿಕೊಂಡು ಬಂದಿದ್ದ. ಈಗ, ೨೦೦೧ರ ಬೇಸಿಗೆಯಲ್ಲಿ, ಕಲ್ಕತ್ತೆಯ ತಜ್ಞೆಯೊಬ್ಬರು ಗುರುವಾರ ದಂಡೆಗೆ ಬರುವವರಿದ್ದರು. ಅವರ ಕಣ್ಣೆದುರು ಎರಡು ಮುರುಕುಗಳು ಕೂಡಿಕೊಂಡರೆ ದಂಡೆ ಉಳಿಯುತ್ತದೆ. ಒಂದು ಕಾಣೆಯಾದರೂ ಜೆಸಿಬಿ ಇಳಿಯುತ್ತದೆ.

ಅಂದು ಸೋಮವಾರ. ದವಡೆಯನ್ನು ಮೈಸೂರಿನ ಉಗ್ರಾಣಕ್ಕೆ ಸಾಗಿಸಲು ಗೋವಿಂದಯ್ಯನವರು ಬಂದಿದ್ದರು. ಆ ಉಗ್ರಾಣದೊಳಕ್ಕೆ ಹೋದ ವಸ್ತು ಹೊರಬಂದದ್ದನ್ನು ಯಶೋದ ಕಂಡಿರಲಿಲ್ಲ.

“ನಿಮ್ಮನ್ನೇ ಕೇಳ್ತಿರೋದು,” ಗೋವಿಂದಯ್ಯನವರ ದನಿ ಏರಿತು. “ಸರ್ಕಾರದ ಆಸ್ತಿ ಬಚ್ಚಿಟ್ರೆ ಏನಾಗುತ್ತೆ ಗೊತ್ತಾ?”

“ಬಚ್ಚಿಟ್ಟಿಲ್ಲ ಸಾರ್. ನೇಕಾರರ ಬೀದೀಲಿ, ನಮ್ಮ ದೊಡ್ಡವ್ವನ ಮನೇಲಿದೆ. ಬನ್ನಿ, ತೋರಿಸ್ತೀನಿ.”

ಬಾಗಿಲಲ್ಲಿ ನಿಂತಿದ್ದ ನಿಂಗರಾಜು ನಕ್ಕ. “ಅಂಗಾರೆ ಜೀಪ್‌ಗೇ ಅತ್ತಮ್ಮ ತಾಯಿ. ಬಿಸಿಲಲ್ಲಿ ಯಾಕ್ ನಡೀತೀಯೆ?”

ಅವಳು ನಡೆದೇ ಹೋದಳು. ಜೀಪೂ ವ್ಯಾನೂ ಅವಳ ಹಿಂದೆ ತೆವಳುತ್ತ ಬಂದವು. ಕೆಲಸ ಹೋದರೆ ಮುಂದೇನೆಂಬ ಅಳುಕು ಇದ್ದೇ ಇತ್ತು. ಹೆಜ್ಜೆಯನ್ನು ಮಾತ್ರ ಅವಳು ತಡವರಿಸಲು ಬಿಡಲಿಲ್ಲ.

ದೊಡ್ಡವ್ವ ಶಿವರತ್ನಮ್ಮನ ಮನೆಯ ನಡುಮನೆಯೇ ಮಗ್ಗ. ನೆಲದ ಗುಂಡಿಯೊಳಕ್ಕೆ ಕಾಲಿಳಿಬಿಟ್ಟು ಕುಳಿತ ಮುದುಕಿ ಲಾಳಿ ಎಸೆಯುತ್ತಿದ್ದಳು. ಹಾಸಿನ ಎಳೆಗಳು ಗೋಡೆಯಿಂದ ಗೋಡೆಗೆ ಕೆಂಪಗೆ ಬಿಗಿದಿದ್ದವು. ಬಂದವರನ್ನು ನೋಡಿದಳೇ ಹೊರತು ಕೈ ನಿಲ್ಲಿಸಲಿಲ್ಲ.

“ದವಡೆ ಎಲ್ಲಿ?” ಎಂದರು ಗೋವಿಂದಯ್ಯ.

ಯಶೋದ ದೊಡ್ಡವ್ವನ ಕಾಲ ಬುಡ ತೋರಿಸಿದಳು. “ಗುಂಡೀಲಿ, ಆ ತುಳಿಯೋ ಹಲಗೆಗಳ ಅಡಿ. ಹಾಸು ಹೂಡೋ ಮೊದಲೇ ಇಳಿಸಿದ್ವಿ.”

“ಹಲಗೆ ಬಿಚ್ಚಿ. ತೆಗೀರಿ.”

“ಅಲಗೆ ಬಿಚ್ಚಿದ್ರೆ ಆಸು ಕುಯ್ಬೇಕು ಬುದ್ಧಿ,” ಎಂದಳು ಶಿವರತ್ನಮ್ಮ. “ಧಾರೆ ಸೀರೆ ಇದು. ಅರಿಸಿನ ಇಟ್ಟು ಊಡಿರೋ ಆಸ್ನ ಅರ್ಧಕ್ಕೆ ಕುಯ್ಯೋ ಕತ್ರಿ ನಮ್ ಬೀದೀಲಿ ಯಾರತ್ರಾನೂ ಇಲ್ಲ. ಕುಯ್ದ್ರೆ ಉಡೋಳ ಬಾಳೂ ಅರ್ಧವೇ ಅಂತಾರೆ.”

“ಮೂಢನಂಬಿಕೆಗೆಲ್ಲ ಇಲಾಖೆ ಕಾಯಲ್ಲ. ನಿಂಗರಾಜು, ನಿಮ್ಮ ಆಳಿಗೆ ಹೇಳಿ, ಕುಡುಗೋಲು ತರಲಿ.”

ನಿಂಗರಾಜು ಅಲುಗಲಿಲ್ಲ. ಅವನ ಕಣ್ಣು ಸೆರಗಿನ ಅಂಚಿನ ಮೇಲಿತ್ತು. ಬಾಳೆಮೊಗ್ಗಿನ ಸಾಲು, ನಡುವೆ ಜೋಡಿ ಗಿಳಿ: ಹೆಂಡತಿಯೊಡನೆ ಇದೇ ಮನೆಗೆ ಬಂದು ಅವನೇ ಒಪ್ಪಿಹೋದ ಅಂಚು.

“ರತ್ನಕ್ಕ,” ಅವನ ದನಿ ಇಳಿದಿತ್ತು, “ಇದು ನಮ್ ಲಿಖಿತಂದಾ?”

“ಇನ್ಯಾರ್ದಪ್ಪ? ಭಾನ್ವಾರ ಮದ್ವೆ ನಿನ್ ಮಗಳ್ದೇ ಅಲ್ವಾ?”

ಲಾಳಿ ಒಮ್ಮೆ ಆಚೆ ಹೋಗಿ ಈಚೆ ಬಂತು. ನಿಂಗರಾಜುವಿನ ಮುಖಕ್ಕೆ ರಕ್ತ ನುಗ್ಗಿತು. ಅವನು ಯಶೋದಳತ್ತ ತಿರುಗಿದ.

“ಬೇಕಂತ್ಲೇ ಈ ಮಗ್ಗ ಆರಿಸ್ಕಂಡಿದ್ದೀಯ.”

“ಹೌದು,” ಎಂದಳು ಯಶೋದ.

“ನನ್ ಮಗಳ ಧಾರೆ ಸೀರೆ ಅಡೀಲಿ ಸತ್ತ್ ಆನೆ ಮೂಳೆ ಮಡಗಿದ್ದೀರಲ್ಲೇ, ಮೈಲಿಗೆ ಅನ್ನೋದ್ ಗೊತ್ತಾ ನಿಮ್ಗೆ?”

“ಮೂಳೆಯಾ?” ಶಿವರತ್ನಮ್ಮ ಮೊದಲ ಸಲ ಕೈ ನಿಲ್ಲಿಸಿದಳು. “ಬರೀ ಒಳೆಗಲ್ಲು ಅಂತ ಊರೆಲ್ಲ ಡಂಗುರ ಒಡ್ದೋನು ನೀನೇ ಅಲ್ವೇನಪ್ಪ? ಕಲ್ಲಿಗೆಂತ ಮೈಲಿಗೆ?”

ಪಕ್ಕದ ಮಗ್ಗದ ಮನೆಯಿಂದ ಯಾರೋ ಕಿಸಕ್ಕೆಂದರು. ಗೋವಿಂದಯ್ಯನವರು ಕೆಮ್ಮಿದರು. ಬೀದಿಯ ಹೆಂಗಸರು ಅಷ್ಟರಲ್ಲಿ ಬಾಗಿಲು ತುಂಬಿದ್ದರು.

ನಿಂಗರಾಜು ನಿಧಾನವಾಗಿ ನಕ್ಕ. ಸೋತವನ ನಗೆಯಾಗಿರಲಿಲ್ಲ ಅದು. “ಆಯ್ತು. ಅದು ಅಲ್ಲೇ ಬಿದ್ದಿರ್ಲಿ. ಅರ್ಧ ಇಲ್ಲೈತೆ. ಇನ್ನರ್ಧ ದಂಡೇಲಿ ಅಲ್ವಾ? ಇವತ್ತೇ ಮಿಷನ್ ಇಳಿಸ್ತೀನಿ. ಆಮೇಲೆ ಅದ್ಯಾವುದುಕ್ಕೆ ಜೋಡಿಸ್ತೀಯೋ ಜೋಡಿಸ್ಕೊ.”

ಇದನ್ನು ಯಶೋದ ಎಣಿಸಿರಲಿಲ್ಲ. ಜೀಪು ಮುಳ್ಳೂರು ಸೇರುವ ಹೊತ್ತಿಗೆ ಅವಳು ಬಸ್ಸಿಗಾಗಿ ಕಾಯುತ್ತಲೇ ಇರುತ್ತಾಳೆ.

ಶಿವರತ್ನಮ್ಮ ಲಾಳಿಯನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗುಂಡಿಯ ಅಂಚಿಗೆ ಕೈಯೂರಿ ಮೇಲೆದ್ದಳು.

“ಎಲ್ಗೆ ದೊಡ್ಡವ್ವ?” ಯಶೋದ ಬೆರಗಾದಳು.

“ಯಳಂದೂರ್‌ಗೆ, ತಂಗಿ ಮನೆಗೆ. ಬೆನ್ನು ಸೋತೋಗದೆ ಮಗಾ. ನೋಡಪ್ಪ ನಿಂಗರಾಜು, ಈ ಸೀರೆ ಬುಧ್ವಾರ ಮಗ್ಗದಿಂದ ಇಳೀಬೇಕು. ಇಳಿದ್ರೆ ಕಲ್ಲೂ ಮೇಲ್ ಬತ್ತದೆ, ನಿನ್ ಮಗಳೂ ಉಡ್ತಾಳೆ. ಗುರ್ವಾರ ದಂಡೆ ಇದ್ದಂಗೇ ಇದ್ರೇನೇ ಸೀರೆ ನಿನ್ ಕೈ ಸೇರೋದು. ಅದುಕ್ಕೆ ಒಂದು ಗುದ್ದಲಿ ಬಿತ್ತು ಅಂತ ಗೊತ್ತಾಯ್ತೋ, ನಾನು ಇತ್ಲಾಗ್ ಬರಾಕಿಲ್ಲ.”

“ಬೇರೆಯೋರ್ ಕೈಲಿ ನೇಯಿಸ್ತೀನಿ.”

ಶಿವರತ್ನಮ್ಮ ಬಾಗಿಲ ಕಡೆ ಕೈ ಬೀಸಿದಳು. “ಇಗೋ, ಬೀದಿಯೇ ನಿಂತದೆ. ಕೇಳು.”

ಒಬ್ಬಳು ಅಡಿಕೆ ಅಗಿಯುತ್ತ ಸೂರನ್ನು ನೋಡಿದಳು. ಮತ್ತೊಬ್ಬಳು ಕೂಸಿನ ಮೂಗೊರೆಸಿದಳು. ಒಬ್ಬರು ಹೂಡಿದ ಧಾರೆಯ ಹಾಸಿಗೆ ಇನ್ನೊಬ್ಬರು ಲಾಳಿ ಹಾಕುವ ಪದ್ಧತಿ ಆ ಬೀದಿಯಲ್ಲಿರಲಿಲ್ಲವೆಂಬುದು ನಿಂಗರಾಜುವಿಗೂ ತಿಳಿದಿತ್ತು.

ಅವನು ಅಂಚಿನ ಗಿಳಿಗಳತ್ತ ಒಮ್ಮೆ ನೋಡಿದ. ಬಳಿಕ, “ಕೂತ್ಕೊ ರತ್ನಕ್ಕ,” ಎಂದು ಹೊರಟುಹೋದ. ಗೋವಿಂದಯ್ಯನವರು ಖಾಲಿ ವ್ಯಾನು ಹತ್ತಿದರು.

ಮರುದಿನ ಮಧ್ಯಾಹ್ನ ಯಶೋದ ಜೀವ ಕೈಯಲ್ಲಿ ಹಿಡಿದು ಮುಳ್ಳೂರಿಗೆ ಹೋದಳು. ದಂಡೆಯ ಮೇಲೆ ಕೋಲು ಹಿಡಿದ ದೊಡ್ಡಮಾದಯ್ಯ, ನಿಂಗರಾಜುವಿನ ಆಳು, ಅಡ್ಡ ಬಂದ.

“ಆ ಕಡೆ ಓಗಂಗಿಲ್ಲ ಕಣವ್ವ. ದಂಡೆ ಯಾರೂ ಮುಟ್ಕೂಡ್ದು.”

“ಯಾರ ಆರ್ಡರು?”

“ನಮ್ ಕಂಟ್ರಾಕ್ಟ್ರುದು. ಬೆಳಿಗ್ಗೆ ಎಮ್ಮೆ ಬಂದಿತ್ತು, ಅದ್ನೂ ಓಡ್ಸಿದ್ದೀನಿ.”

ಅವಳು ಅಲ್ಲಿ ನಗಲಿಲ್ಲ, ಬಸ್ಸಿನಲ್ಲಿ ಕುಳಿತ ಮೇಲೆ ಸೆರಗು ಬಾಯಿಗೊತ್ತಿ ನಕ್ಕಳು.

ಬುಧವಾರ ಸೀರೆ ಇಳಿಯಿತು, ದವಡೆ ಮೇಲೆ ಬಂತು. ಗುರುವಾರ ದಂಡೆಯ ಮೇಲೆ ಎಲ್ಲರೂ ನೆರೆದರು: ತಜ್ಞೆ, ಗೋವಿಂದಯ್ಯನವರು, ತೋಳು ಕಟ್ಟಿ ದೂರ ನಿಂತ ನಿಂಗರಾಜು. ಗೋಣಿ ಸರಿಸಿ, ಗೋಡೆಯ ಮುರುಕಿಗೆ ತನ್ನ ಮುರುಕನ್ನು ಯಶೋದಳೇ ಒತ್ತಿ ಹಿಡಿದಳು. ಅದು ಕೂರಲಿಲ್ಲ. ನಡುವೆ ಬೆರಳು ತೂರುವಷ್ಟು ಸಂದು.

“ನಾನ್ ಏಳ್ಲಿಲ್ವಾ ಸಾ?” ಎಂದ ನಿಂಗರಾಜು. “ಇದೆಲ್ಲಿದೋ, ಅದೆಲ್ಲಿದೋ.”

ಯಶೋದ ದವಡೆಯನ್ನು ಮಡಿಲಿಗಿಳಿಸಿಕೊಂಡು ಮಂಡಿಯೂರಿದಳು. ಗೋಡೆಯ ಮುರುಕಿನ ಅಂಚಿನಲ್ಲಿ ತಾನೇ ಮೆತ್ತಿಸಿದ್ದ ಮಣ್ಣು ಒಣಗಿ ಹೆಪ್ಪುಗಟ್ಟಿತ್ತು. ಕಾಪಾಡಲೆಂದು ಮೆತ್ತಿದ್ದೇ ಅಡ್ಡಬಂದಿತ್ತು. ಕುಂಚವನ್ನು ನೀರಿಗದ್ದಿ, ಒಂದೊಂದೇ ಪದರ ನೆನೆಸಿ, ತೊಳೆದಳು. ಮತ್ತೆ ಎತ್ತಿ ಒತ್ತಿದಳು. ಕಲ್ಲು ಕಲ್ಲನ್ನು ಕಚ್ಚಿತು. ಮುರಿದ ಹಲ್ಲಿನ ಪಟ್ಟಿಗಳು ಈಚೆಯಿಂದ ಆಚೆಗೆ ಗೆರೆ ಎಳೆದಂತೆ ಸಾಗಿದವು.

ತಜ್ಞೆ ಬಾಗಿ ಆ ಗೆರೆಯ ಮೇಲೆ ಬೆರಳಾಡಿಸಿದರು. “ಇಲ್ಲಿ ಯಾರೂ ಅಗೆಯಬಾರದು,” ಎಂದು ಇಂಗ್ಲಿಷಿನಲ್ಲಿ ಹೇಳಿ, ಗೋವಿಂದಯ್ಯನವರನ್ನು ನೋಡಿದರು. “ಇವತ್ತಿನಿಂದಲೇ.”

ನಿಂಗರಾಜು ಜೀಪಿನತ್ತ ನಡೆದ. ಗೋವಿಂದಯ್ಯನವರು ಯಶೋದಳನ್ನು ಪಕ್ಕಕ್ಕೆ ಕರೆದರು.

“ನಿಮ್ಮನ್ನ ಹನೂರಿಗೆ ವರ್ಗ ಮಾಡಿಸ್ತೀನಿ. ಈಗ ದವಡೆನ ವ್ಯಾನಿಗೆ ಹಾಕಿಸಿ, ಮೈಸೂರಿಗೆ ಹೋಗ್ಲಿ.”

“ವರ್ಗ ಮಾಡ್ಸಿ ಸಾರ್, ಹೋಗ್ತೀನಿ. ದವಡೆ ಮಾತ್ರ ಕೊಳ್ಳೇಗಾಲದ ಕೊಠಡಿಗೇ ಹೋಗುತ್ತೆ.”

“ಯಾರು ತಗೊಂಡ್ ಹೋಗ್ತಾರೆ?”

ಅವಳು ಸೆರಗನ್ನು ಸುರುಳಿ ಸುತ್ತಿ ತಲೆಯ ಮೇಲಿಟ್ಟುಕೊಂಡಳು. “ದೊಡ್ಡಮಾದಯ್ಯ, ಒಂಚೂರು ಎತ್ಕೊಡಪ್ಪ,” ಎಂದಳು. ಅವನು ಕೋಲನ್ನು ಕೆಳಗಿಟ್ಟು ಎತ್ತಿಕೊಟ್ಟ. ದವಡೆಯ ಭಾರಕ್ಕೆ ಅವಳ ಕತ್ತು ಒಮ್ಮೆ ಕುಗ್ಗಿ ನೆಟ್ಟಗಾಯಿತು. ವ್ಯಾನಿನ ತೆರೆದ ಬಾಗಿಲ ಮುಂದೆಯೇ ಹಾದು, ಅವಳು ಬಸ್ಸಿನ ರಸ್ತೆ ಹಿಡಿದಳು.