ಚಕ್ರಕ್ಕೆ ಕೊಡುವ ಕಲ್ಲು

ವಾದದಲ್ಲಿ ಮುನಿರಾಜುವನ್ನು ಸೋಲಿಸಿದವರು ವರ್ತೂರಿನಲ್ಲಿ ಯಾರೂ ಇರಲಿಲ್ಲ. ಭಾನುವಾರ ಬಂತೆಂದರೆ ಊರಿನ ಜೀಪುಗಳೆಲ್ಲ ಹೊರವಲಯದ ಪಾಳು ಕಲ್ಲುಕ್ವಾರಿಗೆ ಹೊರಡುತ್ತಿದ್ದವು. ಕೆಸರಲ್ಲಿ ಹೂತು, ದಿಣ್ಣೆ ಹತ್ತಿ, ಮೈಯೆಲ್ಲ ಮಣ್ಣು ಮಾಡಿಕೊಂಡು ಬರುವುದೇ ಒಂದು ಸುಖ. ಹೊಲಗಳಲ್ಲಿ ಬಾಡಿಗೆ ಮನೆಗಳೆದ್ದ ಮೇಲೆ ಅಲ್ಲಿನ ಗಂಡಸರಿಗೆ ಮಣ್ಣು ಸಿಗುತ್ತಿದ್ದುದು ಕ್ವಾರಿಯಲ್ಲಿ ಮಾತ್ರ. ಆಫ್‌ರೋಡಿಗೆ ಇಂಜಿನ್ ಜೊತೆ ಬ್ಯಾಟರಿ ಮೋಟಾರೂ ಇರುವ ಹೈಬ್ರಿಡ್ ಸರಿಯೋ ಡೀಸೆಲ್ ಸರಿಯೋ ಎಂಬ ಜಗಳವೂ ಅಲ್ಲೇ, ಟೀ ಕುಡಿಯುತ್ತ, ತಿಂಗಳುಗಟ್ಟಲೆ ನಡೆಯಿತು.

ಗೆಳೆಯ ಇರಣ್ಣನದು ಡೀಸೆಲ್ ಪಕ್ಷ. ಕಾಡುಮೇಡಿನಲ್ಲಿ ಕೆಟ್ಟರೆ ರಿಪೇರಿಗೆ ಯಾರು ಬರುತ್ತಾರೆ, ನೀರಿಗಿಳಿದರೆ ವೈರುಗಳ ಗತಿಯೇನು, ಬ್ಯಾಟರಿಯ ಭಾರಕ್ಕೆ ಕೆಸರಲ್ಲಿ ಇನ್ನಷ್ಟು ಹೂತುಹೋಗುವುದಿಲ್ಲವೇ ಎಂದು ಅವನ ತಕರಾರು. ಮುನಿರಾಜು ಒಂದೊಂದಕ್ಕೂ ಉತ್ತರ ಕೊಟ್ಟ. ಮೋಟಾರಿಗೆ ಮೊದಲ ಕ್ಷಣದಿಂದಲೇ ಪೂರ್ತಿ ಬಲ; ಬಂಡೆಯ ಮೇಲೆ ಇಂಚಿಂಚಾಗಿ ಹತ್ತಲು ಅದಕ್ಕಿಂತ ಇನ್ನೇನು ಬೇಕು? ಎಣ್ಣೆ ಉಳಿತಾಯ, ಹೊಗೆ ಕಡಿಮೆ. ಎಲ್ಲಕ್ಕಿಂತ ಹೆಚ್ಚಾಗಿ, ಸದ್ದಿಲ್ಲ. ಆ ಕೊನೆಯ ಮಾತನ್ನು ಅವನು ಎಷ್ಟು ಚೆಂದ ಹೇಳುತ್ತಿದ್ದನೆಂದರೆ ಇರಣ್ಣನೂ ತಲೆದೂಗಿಬಿಡುತ್ತಿದ್ದ.

ಮುನಿರಾಜುವಿನ ಅಪ್ಪ ದೊಡ್ಡಮುನಿಯಪ್ಪ ಈ ಜಗಳಕ್ಕೆ ತಲೆಹಾಕಿದವನಲ್ಲ. ಅವನಿಗೆ ಗೊತ್ತಿದ್ದುದು ಮನೆಯ ಹಳೇ ಡೀಸೆಲ್ ಜೀಪು. ತರಕಾರಿ ಹೇರಿಕೊಂಡು ಜೀವ ಸವೆಸಿದ ಆ ಜೀಪಿಗೆ ಹ್ಯಾಂಡ್‌ಬ್ರೇಕ್ ಹಿಡಿದದ್ದೇ ಇಲ್ಲ. ಹಾಗಾಗಿ ಮನೆಯಲ್ಲೊಂದು ಪದ್ಧತಿ: ಇಂಜಿನ್ ಸದ್ದು ನಿಂತಿತೋ, ಹತ್ತಿರವಿದ್ದವರು ಓಡಿಹೋಗಿ ಹಿಂದಿನ ಚಕ್ರಕ್ಕೆ ಕಲ್ಲು ಕೊಡಬೇಕು. ಯಾರೂ ಯಾರಿಗೂ ಹೇಳಬೇಕಿರಲಿಲ್ಲ. ಅಮ್ಮ ಮುನಿಯಕ್ಕ ಮುದ್ದೆ ತಿರುವುತ್ತಿದ್ದವಳು ಹಾಗೇ ಎದ್ದು ಬಂದು ಕಲ್ಲಿಟ್ಟದ್ದುಂಟು.

ಜೀಪು ಗುಜರಿಗೆ ಹೋಗಿ ಹೈಬ್ರಿಡ್ ಗಾಡಿ ಬಂದ ದಿನ, ಅಪ್ಪ ಆ ಕಲ್ಲನ್ನು ತೊಳೆದು ಗೇಟಿನ ಪಕ್ಕ ಇಟ್ಟ. ಇದಕ್ಕೆ ಕಲ್ಲು ಬೇಡವೆಂದು ಮುನಿರಾಜು ನಕ್ಕ. ನಕ್ಕದ್ದಷ್ಟೇ, ಬಿಡಿಸಿ ಹೇಳಲಿಲ್ಲ. ಇಂಜಿನ್ ಸುಮ್ಮನಾದರೂ ಈ ಗಾಡಿ ಆಫ್ ಆಗಿರುವುದಿಲ್ಲ, ಸದ್ದಿಲ್ಲದೆ ಚಲಿಸುತ್ತದೆ ಎಂಬ ಒಂದೇ ಮಾತು ಸಾಕಿತ್ತು. ಕ್ವಾರಿಯ ಮಂದಿಗೆಲ್ಲ ಗಂಟೆಗಟ್ಟಲೆ ಪಾಠ ಹೇಳಿದವನಿಗೆ ಅಪ್ಪನಿಗೆ ಅಷ್ಟು ಹೇಳಲು ತೋಚಲಿಲ್ಲ.

ಮೊದಲ ಭಾನುವಾರ ಅಪ್ಪನನ್ನೂ ಕೂರಿಸಿಕೊಂಡು ಹೋದ. ದಿಣ್ಣೆಯ ನಡುವೆ ಚಕ್ರ ಜಾರಿತು. ಮುನಿರಾಜು ಬ್ರೇಕ್ ತುಳಿದು ನಿಲ್ಲಿಸಿದ. ದಾರಿ ನೋಡುತ್ತೇನೆಂದು ಅಪ್ಪ ಇಳಿದ. ಅಷ್ಟರಲ್ಲಿ ಇಂಜಿನ್ ತಾನಾಗಿ ಸುಮ್ಮನಾಯಿತು. ಕ್ವಾರಿಯಲ್ಲಿ ಕಲ್ಲಿಗೇನು ಬರ. ಕನ್ನಡಿಯಲ್ಲಿ ಯಾರೂ ಕಾಣಲಿಲ್ಲ, ಯಾಕೆಂದರೆ ಅಪ್ಪ ಹಿಂದಿನ ಚಕ್ರಕ್ಕೆ ಕಲ್ಲು ಕೊಡಲು ಬಗ್ಗಿದ್ದ. ಹಿಂದಿನ ಕ್ಯಾಮೆರಾಗೆ ಕೆಸರು ಮೆತ್ತಿತ್ತು. ಗಿಡಗಂಟಿಗೆಲ್ಲ ಕಿರುಚುತ್ತದೆಂದು ಎಚ್ಚರಿಕೆಯ ಬೀಪನ್ನು ಮುನಿರಾಜುವೇ ಬಂದ್ ಮಾಡಿದ್ದ. ಸ್ವಲ್ಪ ಹಿಂದೆ ಹೋಗಿ ಬೇರೆ ಕಡೆಯಿಂದ ಹತ್ತೋಣವೆಂದು ರಿವರ್ಸ್ ಹಾಕಿ ಬ್ರೇಕ್ ಬಿಟ್ಟ. ಗಾಡಿ ಸದ್ದು ಮಾಡಲಿಲ್ಲ. ಅಪ್ಪನೂ ಕೂಗಲಿಲ್ಲ.

ತಿಥಿಯೆಲ್ಲ ಮುಗಿದ ಮೇಲೆ ಪೊಲೀಸರು ಗಾಡಿ ಬಿಟ್ಟುಕೊಟ್ಟರು. ತರಲು ಇರಣ್ಣ ಜೊತೆಗೆ ಹೋಗಿದ್ದ. ವಾಪಸು ಬರುವಾಗ ಊರ ಕೆರೆಯ ನಾತ ಮೂಗಿಗೆ ಬಡಿಯುವಲ್ಲಿ ಇರಣ್ಣ ಬಾಯಿಬಿಟ್ಟ.

"ಹೈಬ್ರಿಡ್ದೇ ತಪ್ಪು ಅಂದ್ಬಿಡು ಮಗಾ. ನಾನೂ ಅದೇ ಹೇಳ್ತೀನಿ. ಸಂದಾಕೆ ಸದ್ದು ಮಾಡಿದ್ರೆ ನಿಮ್ಮಪ್ಪ ಬಗ್ತಿರ್ಲಿಲ್ಲ."

ಒಮ್ಮೆಯಾದರೂ ಇರಣ್ಣನ ಎದುರು ಸೋಲಬೇಕೆಂದು ಮುನಿರಾಜುವಿಗೆ ತುಂಬ ಆಸೆಯಾಯಿತು. ಗಾಡಿಯ ತಪ್ಪು ಹುಡುಕಿದ, ಸಿಗಲಿಲ್ಲ. ತಾನೇ ಹೊಗಳಿದ್ದ ಗುಣವೊಂದನ್ನು ಅದು ನಿಯತ್ತಾಗಿ ತೋರಿಸಿತ್ತು, ಅಷ್ಟೇ. ಬದುಕೇ ಬೇಡವೆನಿಸಿತು ಅವನಿಗೆ.

"ಗಾಡಿ ಸರಿಯಾಗೇ ಐತೆ ಕಣೋ," ಎಂದ.

ಇರಣ್ಣನನ್ನು ತಿರುವಿನಲ್ಲಿ ಇಳಿಸಿ ಮನೆಯ ಗೇಟಿನೊಳಗೆ ನುಗ್ಗಿದ. ಅಂಗಳ ಇಳಿಜಾರು. ನಿಲ್ಲಿಸುತ್ತಿದ್ದಂತೆ ಇಂಜಿನ್ ಸುಮ್ಮನಾಯಿತು. ಅಡುಗೆಮನೆಯಿಂದ ಅಮ್ಮ ಎಂದಿನಂತೆ ಓಡಿಬಂದಳು, ಗೇಟಿನ ಪಕ್ಕದ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು, ಆಮೇಲೆ ಗಾಡಿಯಿಂದ ದೂರದಲ್ಲೇ ನಿಂತುಬಿಟ್ಟಳು.

"ಆಫ್ ಆಗೈತೇನಪ್ಪಾ?"

ಅವನು ಬಟನ್ ಒತ್ತಿದ. ಒತ್ತುವ ಮುಂಚೆಯೂ ಸದ್ದಿರಲಿಲ್ಲ, ಒತ್ತಿದ ಮೇಲೂ ಇಲ್ಲ.

"ಆಗೈತಮ್ಮ," ಎಂದ.

ಕನ್ನಡಿಯಲ್ಲಿ ಅಮ್ಮ ಕದಲಲಿಲ್ಲ. ಇನ್ನೊಮ್ಮೆ ಹೇಳಿದ, ಕದಲಲಿಲ್ಲ. ಅವನು ಇಳಿದು, ಹಿಂದಕ್ಕೆ ನಡೆದು ಬಂದು, ಬರಿಗೈಯಲ್ಲಿ ಅವಳ ಎದುರು ನಿಂತ ಮೇಲೆಯೇ ಅವಳು ಚಕ್ರದ ಬಳಿ ಬಗ್ಗಿದ್ದು.