ಬೇಯದ ಕಾಳು

ವರ್ಷದ ಅತಿ ದೀರ್ಘ ರಾತ್ರಿಯಂದು ಊರು ಆಚರಿಸುವ ದೊಂಗ್ಜಿ ಹಬ್ಬಕ್ಕೆ ಕೆಂಪು ಕಾಳಿನ ಗಂಜಿ ಕಾಯಿಸುವ ಹೊಣೆ ಪಿಲ್‌ಸುನ್‌ಳ ಹೆಗಲಿಗೆ ಬಂದದ್ದು, ಅವಳು ಗಂಡನ ಹಳ್ಳಿಗೆ ಬಂದು ನೆಲೆಸಿ ಏಳು ವರ್ಷವಾದ ಮೇಲೆ. ಅಷ್ಟು ವರ್ಷವೂ ಹೆಂಗಸರ ಬಾಯಲ್ಲಿ ಅವಳು 'ಪಟ್ಟಣದವಳು'. ಸಮುದಾಯ ಭವನದಲ್ಲಿ ಪಾತ್ರೆ ತಿಕ್ಕುವುದಕ್ಕೆ ಬೇಕು, ಸೌಟು ಹಿಡಿಯುವುದಕ್ಕೆ ಬೇಡ. ಈ ಗಂಜಿ ಚೆನ್ನಾಗಿ ಬಂದರೆ ತಾನೂ ಊರಿನವಳಾಗುತ್ತೇನೆ ಎಂದು ಅವಳು ನಂಬಿದ್ದಳು.

ಸಂತೆಯಲ್ಲಿ ಬಣ್ಣ ನೋಡಿ ಮರುಳಾಗಿ ಒಂದು ಮೂಟೆ ಕಾಳು ತಂದಳು. ಅದು ಮೂರು ವರ್ಷದ ಹಳೆಯ ಕಾಳೆಂದು ಗೊತ್ತಾದದ್ದು ಹಬ್ಬದ ಬೆಳಿಗ್ಗೆ. ಎಷ್ಟು ಕುದಿಸಿದರೂ ಹಲ್ಲಿಗೆ ಕಲ್ಲು. ಬಾಗಿಲಿಗೆ ಚಿಮುಕಿಸಿ ಕೆಟ್ಟದ್ದನ್ನು ಓಡಿಸಬೇಕಾದ ಗಂಜಿಯೇ ಕೆಟ್ಟು ಕೂತಿತ್ತು.

ಹೆಂಗಸರ ಸಂಘದ ಮುಖ್ಯಸ್ಥೆ ಗುಮ್ಜಾಗೆ ಇಷ್ಟೇ ಸಾಕಾಯಿತು. "ಪಟ್ಟಣದವಳ ಬೇಳೆ ನಮ್ಮೂರಲ್ಲಿ ಬೇಯಲ್ಲ ಅಂತ ನಾನು ಅವತ್ತೇ ಹೇಳ್ಲಿಲ್ವಾ?" ಎಂದು ಎಲ್ಲರೆದುರು ಅಂದಳು. ಎಲ್ಲರೂ ನಕ್ಕರು.

ಪಿಲ್‌ಸುನ್ ಬೇಯಿಸದೆ ಉಳಿದ ಕಾಳನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಮನೆಗೆ ಬಂದು, ಗಂಡನಿಗೆ ಕಾಣದಂತೆ ಅತ್ತಳು. ಅತ್ತು ಮುಗಿದ ಮೇಲೆ ಅವಳಿಗೆ ಸಿಟ್ಟು ಬಂತು. ಹಳ್ಳಿಗೆ ಬರುವ ಮುಂಚೆ ಮೂವತ್ತು ವರ್ಷ ಪಟ್ಟಣದ ರಜಾಯಿ ಕಾರ್ಖಾನೆಯಲ್ಲಿ ಹೊಲಿದ ಕೈ ಅದು. ಅಲ್ಲಿ ಹುಡುಗಿಯರು ಒಣ ಕಾಳು ಬಿಸಿ ಮಾಡಿ, ಕಾಲುಚೀಲಕ್ಕೆ ತುಂಬಿ ನೋಯುವ ಕುತ್ತಿಗೆಗೆ ಇಟ್ಟುಕೊಳ್ಳುತ್ತಿದ್ದರು. ಕಾಳು ಹಳೆಯದಾಗಿ ಒಣಗಿದಷ್ಟೂ ಒಳ್ಳೆಯದು ಎನ್ನುತ್ತಿದ್ದರು.

ಅವಳು ಹಳೆಯ ರಜಾಯಿಯ ಹತ್ತಿ ಬಟ್ಟೆ ಕತ್ತರಿಸಿದಳು. ನೈಲಾನ್ ದಾರ ಕರಗೀತೆಂದು ಹತ್ತಿಯ ದಾರವನ್ನೇ ಪೋಣಿಸಿದಳು. ಕಾಳು ಒಂದೇ ಕಡೆ ಜಾರದ ಹಾಗೆ ನಾಲ್ಕು ಮನೆ ಮಾಡಿ, ಮೈಗೆ ಬಾಗಲೆಂದು ಒಂದಿಷ್ಟು ಜಾಗ ಬಿಟ್ಟು ತುಂಬಿ, ಬಾಯಿ ಹೊಲಿದಳು. ಮೈಕ್ರೋವೇವ್‌ನಲ್ಲಿ ಎರಡೂವರೆ ನಿಮಿಷ ಇಟ್ಟಾಗ ಮನೆಯೆಲ್ಲ ಹುರಿಗಾಳಿನ ಪರಿಮಳ.

ಮೊದಲ ಚೀಲ ಪಕ್ಕದ ಮನೆಯ ಅಜ್ಜಿಯ ಮಂಡಿಗೆ ಹೋಯಿತು. ಅಜ್ಜಿ ಮರುದಿನ ಅದನ್ನು ಹೊತ್ತುಕೊಂಡು ಸಮುದಾಯ ಭವನಕ್ಕೆ ಹೋಗಿ ಎಲ್ಲರ ಸೊಂಟಕ್ಕೂ ಇಟ್ಟು ತೋರಿಸಿದಳು. ವಾರದೊಳಗೆ ಹನ್ನೊಂದು ಮಂದಿ ಪಿಲ್‌ಸುನ್‌ಳ ಬಾಗಿಲು ತಟ್ಟಿದರು. ಎಲ್ಲರಿಗೂ ದುಡ್ಡು ಕೇಳದೆ ಹೊಲಿದು ಕೊಟ್ಟಳು.

ಬಾರದವಳು ಗುಮ್ಜಾ ಒಬ್ಬಳೇ. ಸೇಬಿನ ಗಿಡದ ಕೊಂಬೆ ಸವರಿ ಸವರಿ ಅವಳ ಬಲ ಹೆಗಲು ಹಿಡಿದುಕೊಂಡಿತ್ತು, ತೋಳು ಎದೆಮಟ್ಟದಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಆದರೂ ಜಂಬ ಬಿಟ್ಟೀತೇ? ತಾನೇ ಹೊಲಿಯುತ್ತೇನೆಂದು ಹೊಸ ಕಾಳು ತಂದಳು. ಗೃಹಿಣಿಯ ಶಿಸ್ತಿನಂತೆ ಮೂರು ನೀರಲ್ಲಿ ತೊಳೆದು, ಅರ್ಧ ದಿನವಷ್ಟೇ ಒಣಗಿಸಿ ತುಂಬಿದಳು.

ನಾಲ್ಕನೆಯ ದಿನ ಕೋಟಿನೊಳಗೆ ಚೀಲ ಬಚ್ಚಿಟ್ಟುಕೊಂಡು ಅವಳು ಪಿಲ್‌ಸುನ್‌ಳ ಮನೆಗೆ ಬಂದಳು. ಚೀಲ ಹುಳಿ ನಾರುತ್ತಿತ್ತು, ಹೊಲಿಗೆಯ ಸಂದಿನಿಂದ ಬಿಳಿ ಮೊಳಕೆ ಇಣುಕುತ್ತಿತ್ತು.

"ತೊಳೆದ್ರಾ ಅಕ್ಕಾ?"

"ಕಾಳನ್ನ ತೊಳೀದೆ ಇರ್ತಾರಾ ಯಾರಾದ್ರೂ?"

"ತಿನ್ನೋ ಕಾಳಾದ್ರೆ ತೊಳೀಬೇಕು. ಇದು ಹೊದೆಯೋ ಕಾಳು."

ಹಳೆಯ ಮಾತನ್ನು ಬಡ್ಡಿ ಸಮೇತ ಹಿಂದಿರುಗಿಸಲು ಪಿಲ್‌ಸುನ್‌ಳ ನಾಲಿಗೆ ತುರಿಸಿತು. ನುಂಗಿಕೊಂಡಳು. ಪೆಟ್ಟಿಗೆಯಿಂದ ಒಂದು ಅಗಲವಾದ ಚೀಲ ತೆಗೆದಳು. ಗುಮ್ಜಾಳ ಹೆಗಲಿನ ಅಳತೆಯನ್ನು ಅವಳು ಕಣ್ಣಲ್ಲೇ ತೆಗೆದು, ಅದನ್ನು ಯಾವತ್ತೋ ಹೊಲಿದಿಟ್ಟಿದ್ದಳು. ಬಿಸಿ ಮಾಡಿ ಹೊದಿಸಿದಾಗ ಗುಮ್ಜಾ ಕಣ್ಣು ಮುಚ್ಚಿ, ಬಿಗಿದ ಹೆಗಲನ್ನು ಸಡಿಲ ಬಿಟ್ಟಳು.

"ಅವತ್ತು ಮಾತು ಜಾಸ್ತಿ ಆಡಿದ್ದೆ ನಾನು," ಎಂದಳು ಕೊನೆಗೆ.

ಮುಂದಿನ ವರ್ಷ ದೊಂಗ್ಜಿಗೆ ಮುಂಚಿನ ಸಭೆಯಲ್ಲಿ ಗುಮ್ಜಾ ಹೆಗಲ ಮೇಲೆ ಚೀಲ ಹೊದ್ದೇ ಕೂತಿದ್ದಳು. ಕಾಳು ತರುವ ಮಾತು ಬಂದಾಗ ದೊಡ್ಡ ಸೌಟನ್ನು ತೆಗೆದು ಪಿಲ್‌ಸುನ್‌ಳ ಮುಂದೆ ಹಿಡಿದಳು. "ಈ ಸಲ ಎರಡು ಮೂಟೆ. ಹೊಸದು ಹೊಟ್ಟೆಗೆ, ಹಳೇದು ಬೆನ್ನಿಗೆ. ಎರಡನ್ನೂ ಆರಿಸೋಳು ನಮ್ಮ ಪಿಲ್‌ಸುನ್."

ಪಿಲ್‌ಸುನ್ ಈ ಸಲ ಹಿಂದಿನ ದಿನವೇ ಒಂದು ಹಿಡಿ ಬೇಯಿಸಿ ನೋಡಿದ್ದಳು. ಗಂಜಿ ದಪ್ಪಗೆ, ಕೆಂಪಗೆ ಬಂತು. ಭವನದ ಬಾಗಿಲಿಗೆ ಮೊದಲ ಸೌಟು ಚಿಮುಕಿಸಿದವಳು ಅವಳೇ, ತಲೆ ಎತ್ತಿಕೊಂಡು. ಊಟವಾದ ಮೇಲೆ ಅಭ್ಯಾಸದಂತೆ ಪಾತ್ರೆಗಳ ಕಡೆ ಹೊರಟರೆ, ಗುಮ್ಜಾ ಆಗಲೇ ಅಂಗಿಯ ತೋಳು ಮೇಲೇರಿಸಿ ತಿಕ್ಕಲು ಕೂತಿದ್ದಳು.