ಬಿಸಿಲಿಗಿಟ್ಟ ಸೆಲ್ಲು

ಗುರುಬಾಯಿ ಮುಂಬಾಗಿಲು ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಬಾಗಿಲಿಗೆ ಕಟ್ಟಿದ ಗಂಟೆ ಸದ್ದು ಮಾಡಲಿಲ್ಲ. ಬಾಗಿಲ ಮೇಲಿನ ತಗಡಿನ ಡಬ್ಬಿಗೆ ಕೈ ಹಾಕಿ ನೋಡಿದರೆ ಖಾಲಿ. ಗಂಡ ದೌಲತರಾಯ ಇವತ್ತೂ ಗಂಟೆಯ ಎರಡೂ ಸೆಲ್ಲು ತೆಗೆದು ಮಾಳಿಗೆಯ ಮೇಲೆ ಒಣಗಲು ಇಟ್ಟಿದ್ದ.

ಗಂಟೆ ಕಟ್ಟಿಸಿದ್ದು ಅವನ ತಾಯಿ ಸುಭದ್ರಾಬಾಯಿಯ ಸಲುವಾಗಿ. ಎಪ್ಪತ್ತೆಂಟರ ಮುದುಕಿಗೆ ಮಧ್ಯಾಹ್ನವಾದರೆ ತವರಿನ ನೆನಪು. ಹಿರೋಳ್ಳಿಗೆ ಹೋಗುತ್ತೇನೆಂದು ಎದ್ದು ನಡೆದುಬಿಡುತ್ತಿದ್ದಳು. ಹೋದ ತಿಂಗಳು ಧರ್ಮಣ್ಣನ ಬಾವಿಯ ಮೆಟ್ಟಿಲಲ್ಲಿ, ಮೊಣಕಾಲ ತನಕ ನೀರಿನಲ್ಲಿ ಕಾಲಿಳಿಬಿಟ್ಟು ಕುಳಿತಿದ್ದಳು. ಇನ್ನೊಂದು ಮೆಟ್ಟಿಲು ಇಳಿದಿದ್ದರೆ ಕಥೆ ಮುಗಿಯುತ್ತಿತ್ತು. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಲು ದೌಲತರಾಯ ಒಪ್ಪಲಿಲ್ಲ. ಹೆತ್ತವಳನ್ನು ಕೂಡಿ ಹಾಕುವಷ್ಟು ಕಲ್ಲೆದೆ ಅವನದಲ್ಲ. ಕೊನೆಗೆ ಆಳಂದದಲ್ಲಿ ರೇಡಿಯೊ ರಿಪೇರಿ ಮಾಡುವ ರಸೂಲ ಬಂದು, ಕದ ತೆರೆದರೆ ಎರಡು ತಂತಿ ಕೂಡಿ ಗಂಟೆ ಬಾರಿಸುವ ಹಾಗೆ ಮಾಡಿಕೊಟ್ಟಿದ್ದ.

ಅಂದಿನಿಂದ ಮನೆಯಲ್ಲಿ ಮುದುಕಿಗಿಂತ ಸೆಲ್ಲಿನ ಕಾಳಜಿಯೇ ಹೆಚ್ಚಾಯಿತು. ಬಂದವರಿಗೆ ತುಪ್ಪವನ್ನು ಕೈತುಂಬ ಬಡಿಸುವ ದೌಲತರಾಯನಿಗೆ ಸೆಲ್ಲು ಸವೆಯುವುದು ಮಾತ್ರ ಸಹಿಸದು. ಎಲ್ಲರೂ ದನದ ಕೊಟ್ಟಿಗೆಯ ಕಡೆಯಿಂದಲೇ ಓಡಾಡಬೇಕೆಂದು ಅಪ್ಪಣೆಯಾಯಿತು. ಹೆಪ್ಪು ಕೇಳಲು ಬಂದ ನೆರೆಮನೆಯ ನಜಮುನ್ನಿಸಾ ತೆರೆದ ಬಾಗಿಲಲ್ಲಿ ನಿಂತು ಎರಡು ಮಾತಾಡಿದ್ದಕ್ಕೆ ಇವನು ಮುಖ ಕೆಡಿಸಿಕೊಂಡ. ಇಷ್ಟು ಸಾಲದೆಂದು ದಿನಾ ಮಧ್ಯಾಹ್ನ ಸೆಲ್ಲುಗಳಿಗೆ ಬಿಸಿಲು ಕಾಯಿಸುವ ಕೆಲಸ. ಟಾರ್ಚಿನ ಸೆಲ್ಲನ್ನು ಊರಿಗೆ ಊರೇ ಹಾಗೆ ಒಣಗಿಸುತ್ತಿತ್ತು, ನಿಜ. ಆದರೆ ಟಾರ್ಚಿಗೆ ಹಗಲು ಕೆಲಸವಿರುವುದಿಲ್ಲ. ಗಂಟೆ ಬಾರಿಸಿದರಷ್ಟೇ ಸೆಲ್ಲು ಸವೆಯುತ್ತದೆ ಎಂದು ರಸೂಲ ಎರಡು ಸಲ ಹೇಳಿದ್ದ. ಹೇಳಿ ಏನು ಬಂತು?

ಗುರುಬಾಯಿ ಕಟ್ಟೆಗೆ ಬಂದು ಗಂಡನ ಎದುರು ನಿಂತಳು.

"ಅತ್ತಿ ಹೋಗೂ ಹೊತ್ತಿಗೇ ಸೆಲ್ಲು ತಗೀತೀರಲ್ರಿ. ಮತ್ತ ಆ ಗಂಟಿ ಯಾಕ ಬೇಕು?"

"ದಿನಾ ಡಬ್ಬ್ಯಾಗೇ ಕುಂತ್ರ ಥಂಡಿ ಹಿಡೀತಾವ. ಎರಡು ತಾಸು ಬಿಸಲ ಬಿದ್ರ ಎರಡು ತಿಂಗಳು ಜಾಸ್ತಿ ಬರ್ತಾವ. ನಾ ಇಲ್ಲೇ ಬಾಗಿಲದಾಗ ಕುಂತೀನಲ್ಲ."

ಕುಳಿತಿದ್ದೇನೋ ನಿಜ. ಗುರುಬಾಯಿ ಗೊಣಗುತ್ತ ಕೊಟ್ಟಿಗೆಗೆ ಹೋಗಿ ಎಮ್ಮೆಗೆ ನೀರು ಕುಡಿಸಿ ಬರುವಷ್ಟರಲ್ಲಿ ಅವನು ಕಂಬಕ್ಕೆ ಒರಗಿ ಗೊರಕೆ ಹೊಡೆಯುತ್ತಿದ್ದ. ಬಾಗಿಲು ಹಾರು ಹೊಡೆದಿತ್ತು. ಮುದುಕಿಯ ಹಾಸಿಗೆ ಬರಿದಾಗಿತ್ತು.

ಅವಳು ಗಂಡನ ಭುಜ ಹಿಡಿದು ಅಲುಗಿಸಿದಳು. ಅವನು ಎದ್ದವನೇ ಚಪ್ಪಲಿ ಮರೆತು ಹಿರೋಳ್ಳಿಯ ದಾರಿ ಹಿಡಿದು ಓಡಿದ. ಇವಳು ಧರ್ಮಣ್ಣನ ಬಾವಿಗೆ ಓಡಿದಳು. ಬಗ್ಗಿ ನೋಡಿದಾಗ ನೀರು ಅಲುಗದೆ ನಿಂತಿತ್ತು. ಅದನ್ನು ಕಂಡು ಸಮಾಧಾನಪಡಬೇಕೋ ಹೆದರಬೇಕೋ ತಿಳಿಯಲಿಲ್ಲ. ಪಕ್ಕದ ಕಬ್ಬಿನ ಹೊಲಕ್ಕೆ ಹೋಗಿ ಕೂಗಿ ಕರೆದಳು. ಯಾರೂ ಓಗೊಡಲಿಲ್ಲ.

ತಾಸು ಕಳೆದು ಇಬ್ಬರೂ ಬರಿಗೈಲಿ ಓಣಿಗೆ ತಿರುಗಿದರು. ದೌಲತರಾಯನ ಅಂಗಾಲು ಸುಟ್ಟು ಬೊಬ್ಬೆ ಎದ್ದಿದ್ದವು. ಅಷ್ಟರಲ್ಲಿ ಮೇಲಿನಿಂದ ಹುಶ್, ಹುಶ್ ಎಂದು ಕಾಗೆ ಓಡಿಸುವ ಸದ್ದು ಕೇಳಿತು.

ಸುಭದ್ರಾಬಾಯಿ ಮಾಳಿಗೆಯ ಮೇಲಿದ್ದಳು. ಕಟ್ಟೆಯ ಪಕ್ಕದ ಮೆಟ್ಟಿಲು ಹತ್ತಿ, ಮಗನನ್ನು ದಾಟಿಯೇ ಹೋಗಿದ್ದಳು. ತಲೆ ತುಂಬ ಸೆರಗು ಹೊದ್ದು, ಕೈಯಲ್ಲೊಂದು ಕೋಲು ಹಿಡಿದು, ಬಿಳಿ ಬಟ್ಟೆಯ ಮೇಲಿನ ಎರಡು ಸೆಲ್ಲುಗಳ ಎದುರು ಕುಳಿತಿದ್ದಳು. ಬಿಸಿಲಿಗೆ ಮುಖ ಕೆಂಪೇರಿತ್ತು.

ದೌಲತರಾಯ ಅವಳ ಮುಂದೆ ಮೊಣಕಾಲೂರಿದ. "ಅವ್ವಾ, ಇಲ್ಲಿ ಯಾಕ ಕುಂತಿ?"

"ನೀ ದಿನಾ ಇಟ್ಟು ಹೋಗತಿ, ಕಾಗಿ ಕಾಯವ್ರು ಯಾರು?" ಎಂದಳು. ಹಪ್ಪಳ ಮಗುಚುವಂತೆ ಒಂದೊಂದನ್ನೇ ಹೊರಳಿಸಿದಳು. "ಈ ಮಗ್ಗಲ ಇನ್ನಾ ಹಸೀ ಅದ."

ಗುರುಬಾಯಿಗೆ ನಗು ಬಂತು, ಅದರ ಬೆನ್ನಿಗೇ ಅಳು ಬಂತು. ಅತ್ತೆಯ ರಟ್ಟೆ ಹಿಡಿದು ಕೆಳಗಿಳಿಸಿ ನೀರು ಕುಡಿಸಿದಳು.

ದೌಲತರಾಯ ಸೆಲ್ಲುಗಳನ್ನು ಡಬ್ಬಿಗೆ ಹಾಕಿದ. ಅವು ಕೈ ಸುಡುವಷ್ಟು ಕಾದಿದ್ದವು. ಬಾಗಿಲು ತೆರೆದೇ ಇತ್ತು, ಗಂಟೆ ಬಾರಿಸತೊಡಗಿತು. ಒಳಗಿನಿಂದ ಮುದುಕಿ ಯಾರು ಬಂದರೆಂದು ಕೇಳಿದಳು. ನಜಮುನ್ನಿಸಾ ತನ್ನ ಹೊಸ್ತಿಲಿಗೆ ಬಂದು ಇಣುಕಿದಳು. ಗಂಟೆ ಬಾರಿಸುತ್ತಲೇ ಇತ್ತು. ದೌಲತರಾಯ ಬೊಬ್ಬೆ ಎದ್ದ ಕಾಲಲ್ಲಿ ಹಾಗೇ ನಿಂತಿದ್ದ, ಕದ ಮುಚ್ಚಲು ಕೈ ಎತ್ತಲಿಲ್ಲ.